ರೇಡಿಯೊ ಅಂಗಡಿಯಿಂದ ಹೊರಟ ದೆವ್ವ

ಹಿಂದಿ ದೆವ್ವದ ಸಿನಿಮಾ ಎಂದರೆ ರಾಮ್ಸೆ ಎಂದುಕೊಂಡೇ ಬೆಳೆದವರು ನಾವು. ಆ ಹೆಸರು ಹುಟ್ಟಿದ್ದು ಮಾತ್ರ ಸಿನಿಮಾದಲ್ಲಲ್ಲ, ಕರಾಚಿಯ ಒಂದು ರೇಡಿಯೊ ಅಂಗಡಿಯಲ್ಲಿ. ಫತೇಚಂದ್ ರಾಮ್‌ಸಿಂಘಾನಿ ಅದರ ಮಾಲೀಕರು, ಸಿಂಧಿ. ಗಿರಾಕಿಗಳಾಗಿ ಬರುತ್ತಿದ್ದ ಬ್ರಿಟಿಷರ ನಾಲಿಗೆಗೆ ಆ ಹೆಸರು ಹೊರಳದೆ ರಾಮ್ಸೆ ಆಯಿತು. ಪರಊರಿನ ಆಫೀಸಿನಲ್ಲಿ ಹೆಸರು ಮೊಟಕಾಗುವುದು ನಮಗೂ ಹೊಸತೇನಲ್ಲ ಬಿಡಿ.

1947ರಲ್ಲಿ ದೇಶ ಒಡೆದಾಗ ಸಂಸಾರ ಸಮೇತ ಮುಂಬೈಗೆ ಬಂದರು. ಲ್ಯಾಮಿಂಗ್ಟನ್ ರಸ್ತೆಯಲ್ಲಿ ಮತ್ತೆ ಅಂಗಡಿ ಹಾಕಿದರು. ಆಮೇಲೆ ಸಿನಿಮಾದ ಗೀಳು ಹತ್ತಿತು. 1963ರಲ್ಲಿ ಪೃಥ್ವಿರಾಜ್ ಕಪೂರ್, ಸುರೈಯಾ ಇದ್ದ ‘ರುಸ್ತುಂ ಸೊಹ್ರಾಬ್’ ತೆಗೆದರು. 1970ರ ‘ಏಕ್ ನನ್ಹೀ ಮುನ್ನೀ ಲಡ್ಕೀ ಥೀ’ ಮಲಗಿತು. ಮನೆಯಲ್ಲಿ ಏಳು ಗಂಡುಮಕ್ಕಳು, ಕೈಯಲ್ಲಿ ಸೋತ ಸಿನಿಮಾ.

ಆದರೆ ಆ ಸಿನಿಮಾದಲ್ಲಿ ಮುಖವಾಡ ಹಾಕಿದ ಪೃಥ್ವಿರಾಜ್ ಮ್ಯೂಸಿಯಂನಲ್ಲಿ ಕಳವು ಮಾಡುವ ಒಂದು ದೃಶ್ಯವಿತ್ತು. ಜನ ಅದಕ್ಕೆ ಮಾತ್ರ ಬೆಚ್ಚಿದ್ದನ್ನು ಮಕ್ಕಳಾದ ತುಳಸಿ, ಶ್ಯಾಮ್ ಗಮನಿಸಿದ್ದರು. ಹಾಗಿದ್ದರೆ ಇಡೀ ಸಿನಿಮಾವೇ ಭಯದ್ದಾಗಲಿ ಎಂಬ ಅವರ ಹಟಕ್ಕೆ ಅಪ್ಪ ಒಪ್ಪಿದರು. ಸೋತ ಮೇಲೂ ಇದ್ದಬದ್ದ ದುಡ್ಡನ್ನು ಮಕ್ಕಳ ಕೈಗೆ ಕೊಟ್ಟರಲ್ಲ, ನನಗೆ ದೊಡ್ಡದಾಗಿ ಕಾಣುವುದು ಅದೇ. ಕಣ್ಣುಮುಚ್ಚಿ ಕೊಟ್ಟದ್ದೇನೂ ಅಲ್ಲ. ಅವರನ್ನು ಕಾಶ್ಮೀರದ ದೋಣಿಮನೆಯಲ್ಲಿ ಕೂರಿಸಿ, ಮ್ಯಾಸೆಲ್ಲಿಯ ಛಾಯಾಗ್ರಹಣದ ಪುಸ್ತಕ ಓದಿಸಿ ತಯಾರು ಮಾಡಿದ್ದರು.

1972ರ ‘ದೋ ಗಜ್ ಜಮೀನ್ ಕೆ ನೀಚೆ’ಗೆ ಸೆಟ್ಟಿಲ್ಲ, ಸ್ಟುಡಿಯೊ ಇಲ್ಲ. ಮನೆಮಂದಿ, ನಟರು, ತಂತ್ರಜ್ಞರು ಎಲ್ಲ ಒಂದೇ ಬಸ್ಸಿನಲ್ಲಿ ಮಹಾಬಲೇಶ್ವರಕ್ಕೆ ಹೋಗಿ ಸರ್ಕಾರಿ ಅತಿಥಿಗೃಹದಲ್ಲಿ ಉಳಿದರು. ಗಂಗು ಕ್ಯಾಮೆರಾ, ಕಿರಣ್ ಧ್ವನಿ, ತುಳಸಿ ಮತ್ತು ಶ್ಯಾಮ್ ನಿರ್ದೇಶನ, ತಾಯಿ ಅಡುಗೆ. ಸುಮಾರು 40 ದಿನ, ಮೂರೂವರೆ ಲಕ್ಷ ರೂಪಾಯಿ. ಸಿನಿಮಾ ಗೆದ್ದಿತು.

ಆಮೇಲೆ ಅದೇ ದಾರಿ: ಹಳೇ ಬಂಗಲೆ, ಹೊಗೆ, ಬಾಗಿಲ ಕಿರ್ರು, ನಡುವೆ ಸಂಬಂಧವೇ ಇಲ್ಲದ ಹಾಸ್ಯ. 1984ರ ‘ಪುರಾನಾ ಮಂದಿರ್’ ದೊಡ್ಡ ದುಡ್ಡು ಮಾಡಿತು. ಅದರ ರಾಕ್ಷಸ ಸಾಮ್ರಿಯಾದ ಅನಿರುದ್ಧ ಅಗರ್ವಾಲ್ ರೂರ್ಕಿಯಲ್ಲಿ ಓದಿದ ಸಿವಿಲ್ ಎಂಜಿನಿಯರ್. ದಿವಾದ ನಮ್ಮ ರೂಮಿನಲ್ಲಿ ಶನಿವಾರ ರಾತ್ರಿ ಈ ಸಿನಿಮಾ ಹಾಕಿದಾಗ ಈ ಸಂಗತಿಗೇ ಹೆಚ್ಚು ನಗು. ‘ನಾ ನಿನ್ನ ಬಿಡಲಾರೆ’ ನೋಡಿ ಹೆದರಿದ ನಮಗೆ ಸಾಮ್ರಿಯನ್ನು ಕಂಡು ಭಯವಾಗುವುದಿಲ್ಲ. ಅಂಟಿಸಿದ ಮುಖ ಕಾಣುತ್ತದೆ. ಆದರೂ ಯಾರೂ ಮಧ್ಯದಲ್ಲಿ ಎದ್ದುಹೋಗುವುದಿಲ್ಲ. ಕಡಿಮೆ ದುಡ್ಡಿನಲ್ಲಿ ಅಷ್ಟು ಜನ ಸೇರಿ ಮನಸಾರೆ ಹೆದರಿಸಲು ನೋಡುತ್ತಿರುವುದು ಪ್ರತಿ ದೃಶ್ಯದಲ್ಲೂ ಗೊತ್ತಾಗುತ್ತದೆ.

ಫತೇಚಂದ್ 1989ರಲ್ಲಿ ತೀರಿಕೊಂಡರು. ನಾಲ್ಕು ವರ್ಷದ ಮೇಲೆ ಅದೇ ಹೊಗೆ, ಅದೇ ಕಿರ್ರು ಹೊತ್ತು ಮಕ್ಕಳು ಝೀ ಟಿವಿಗೆ ಬಂದರು.