ಹೆಲಾ: ಎರಡಕ್ಷರದ ಹಿಂದಿನ ಹೆಣ್ಣುಮಗಳು

ಲ್ಯಾಬ್ ಟೆಕ್ನಿಷಿಯನ್ ಕೋರ್ಸ್ ಸೇರಿದವರಿಗೆಲ್ಲ ಹೆಲಾ ಎಂಬ ಎರಡಕ್ಷರದ ಹೆಸರು ಒಂದಲ್ಲ ಒಂದು ಪಾಠದಲ್ಲಿ ಎದುರಾಗುತ್ತದೆ. ಪ್ರಯೋಗಾಲಯದಲ್ಲಿ ಸಾಯದೆ ಬೆಳೆಯುತ್ತಲೇ ಇರುವ ಜೀವಕೋಶಗಳ ಹೆಸರದು. ಪರೀಕ್ಷೆಯಲ್ಲಿ ಅಷ್ಟು ಬರೆದರೆ ಅಂಕ ಸಿಗುತ್ತದೆ. ಆ ಅಕ್ಷರಗಳು ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ಹೆಣ್ಣುಮಗಳ ಹೆಸರಿನಿಂದ ಬಂದವು ಎಂದು ತಿಳಿದ ಮೇಲೆ ನಾನು ಆಕೆಯ ಬದುಕಿನ ಬೆನ್ನು ಹತ್ತಿದೆ. ಓದುತ್ತ ಹೋದಂತೆ ಆಕೆ ನಮ್ಮ ಹೊಸಪೇಟೆ, ಸಂಡೂರು, ಕಂಪ್ಲಿ ಸೀಮೆಯ ಹೆಂಗಸರಂತೆಯೇ ಕಾಣತೊಡಗಿದಳು.

ಆಕೆ ಹುಟ್ಟಿದ್ದು 1920ರ ಆಗಸ್ಟ್ 1ರಂದು, ಅಮೆರಿಕದ ವರ್ಜೀನಿಯಾದ ಬಡ ಕಪ್ಪುಜನರ ಕುಟುಂಬದಲ್ಲಿ. ನಾಲ್ಕು ವರ್ಷವಾಗಿದ್ದಾಗ ತಾಯಿ ಹೆರಿಗೆಯಲ್ಲಿ ತೀರಿಕೊಂಡಳು. ಮಕ್ಕಳು ನೆಂಟರ ಮನೆಗಳಿಗೆ ಹಂಚಿಹೋದರು. ಹೆನ್ರಿಯೆಟ್ಟಾ ಕ್ಲೋವರ್ ಎಂಬ ಹಳ್ಳಿಯಲ್ಲಿ, ಹಿಂದೆ ಗುಲಾಮರು ವಾಸವಿದ್ದ ಮರದ ಮನೆಯಲ್ಲಿ, ಅಜ್ಜನ ಆಸರೆಯಲ್ಲಿ ಬೆಳೆದಳು. ತಂಬಾಕಿನ ಹೊಲದಲ್ಲಿ ದುಡಿದಳು. ಓದು ಆರನೇ ತರಗತಿಗೆ ನಿಂತಿತು. 1941ರಲ್ಲಿ ಡೇವಿಡ್ ಲ್ಯಾಕ್ಸ್ ಜೊತೆ ಮದುವೆಯಾಯಿತು. ಹೊಲದ ಗಳಿಕೆ ಸಾಲದೆ ಗಂಡ ಬಾಲ್ಟಿಮೋರ್ ಬಳಿಯ ಉಕ್ಕಿನ ಕಾರ್ಖಾನೆ ಸೇರಿದ. ಮಕ್ಕಳನ್ನು ಕಟ್ಟಿಕೊಂಡು ಆಕೆಯೂ ಹೊರಟಳು. ಬೇಸಾಯ ಬಿಟ್ಟು ಸಂಡೂರಿನ ಗಣಿಗೆ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಹೋದ ಮನೆಗಳನ್ನು ಬಲ್ಲ ನಮಗೆ ಇದು ಹೊಸ ಕಥೆಯಲ್ಲ.

ಒಳಗೆ ಗಂಟಿನಂಥದ್ದು ಇದೆ ಎಂದು ಆಕೆ ಹತ್ತಿರದ ಹೆಂಗಸರಲ್ಲಿ ಮಾತ್ರ ಹೇಳಿಕೊಂಡಿದ್ದಳು. ಐದನೆಯ ಮಗು ಹುಟ್ಟಿದ ಮೇಲೆ ರಕ್ತಸ್ರಾವ ಶುರುವಾಯಿತು. 1951ರ ಜನವರಿ ಕೊನೆಯಲ್ಲಿ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಗೆ ಹೋದಾಗ ಅದು ಗರ್ಭಕಂಠದ ಕ್ಯಾನ್ಸರ್ ಎಂದು ತಿಳಿಯಿತು. ರೇಡಿಯಂ ಚಿಕಿತ್ಸೆ ಫಲಿಸಲಿಲ್ಲ. ಅದೇ ವರ್ಷ ಅಕ್ಟೋಬರ್ 4ರಂದು, 31ನೇ ವಯಸ್ಸಿಗೆ ತೀರಿಕೊಂಡಳು. ಆಕೆಯ ಸಮಾಧಿಗೆ ಹೆಸರಿನ ಕಲ್ಲು ಬಂದದ್ದು 2010ರಲ್ಲಿ.

ನಮ್ಮ ದೊಡ್ಡಮ್ಮನೂ ಹೀಗೆಯೇ ಮುಚ್ಚಿಟ್ಟಿದ್ದಳು. ಮುಟ್ಟು ನಿಂತು ವರ್ಷಗಳಾದ ಮೇಲೆ ಮತ್ತೆ ರಕ್ತ ಕಂಡರೂ ನಾಚಿಕೆಯಿಂದ ಯಾರಿಗೂ ಹೇಳಲಿಲ್ಲ. ಹೇಳುವ ಹೊತ್ತಿಗೆ ಕಾಯಿಲೆ ಕೈಮೀರಿತ್ತು. 2022ರ ಅಂದಾಜಿನಂತೆ ಭಾರತದಲ್ಲಿ ಆ ಒಂದು ವರ್ಷ ಈ ಕ್ಯಾನ್ಸರಿಗೆ ಬಲಿಯಾದ ಹೆಂಗಸರು ಸುಮಾರು 80 ಸಾವಿರ.

ಹೆನ್ರಿಯೆಟ್ಟಾಳ ಗಡ್ಡೆಯ ಒಂದು ಚೂರನ್ನು ವೈದ್ಯರು ಆಕೆಯನ್ನು ಕೇಳದೆಯೇ ತೆಗೆದು ಜಾರ್ಜ್ ಗೈ ಎಂಬ ವಿಜ್ಞಾನಿಯ ಲ್ಯಾಬಿಗೆ ಕಳಿಸಿದ್ದರು. ಬೇರೆಯವರ ಜೀವಕೋಶಗಳು ಕೆಲವೇ ದಿನಗಳಲ್ಲಿ ಸಾಯುತ್ತಿದ್ದರೆ, ಆಕೆಯವು ದಿನಕ್ಕೊಮ್ಮೆ ಇಮ್ಮಡಿಯಾದವು. ಪೋಲಿಯೊ ಲಸಿಕೆಯ ಪರೀಕ್ಷೆಗೆ ಅವು ನೆರವಾದವು, ದೇಶ ದೇಶಗಳ ಲ್ಯಾಬುಗಳನ್ನು ಸೇರಿದವು. ಇದಾವುದೂ ಮನೆಯವರಿಗೆ ಸುಮಾರು ಎರಡು ದಶಕ ಗೊತ್ತೇ ಇರಲಿಲ್ಲ.

ಆಕೆಯನ್ನು ಕೊಂದದ್ದು ಏನೆಂಬುದೂ ಆಗ ತಿಳಿದಿರಲಿಲ್ಲ. 1980ರ ದಶಕದಲ್ಲಿ ಜರ್ಮನಿಯ ಹರಾಲ್ಡ್ ಜುರ್ ಹೌಸೆನ್ ಅವರ ತಂಡ ಗರ್ಭಕಂಠದ ಗಡ್ಡೆಗಳಲ್ಲಿ ಹ್ಯೂಮನ್ ಪ್ಯಾಪಿಲೋಮಾ ವೈರಸ್, ಅಂದರೆ ಎಚ್‌ಪಿವಿಯ 16 ಮತ್ತು 18ನೇ ಬಗೆಗಳನ್ನು ಗುರುತಿಸಿತು. ಹೆಲಾ ಕೋಶಗಳಲ್ಲಿಯೂ 18ನೇ ಬಗೆಯ ಡಿಎನ್‌ಎ ಸಿಕ್ಕಿತು. ಜುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು.

ಈ ವೈರಸ್ ಲೈಂಗಿಕ ಸಂಪರ್ಕದಿಂದ ಹರಡುತ್ತದೆ. ಬಹುತೇಕ ಎಲ್ಲರಿಗೂ ಬದುಕಿನಲ್ಲಿ ಒಮ್ಮೆ ತಗಲುವಷ್ಟು ಸಾಮಾನ್ಯ. ಹಾಗಾಗಿ ವರದಿ ಪಾಸಿಟಿವ್ ಬಂದರೆ ಯಾರ ನಡತೆಯನ್ನೂ ಶಂಕಿಸಬೇಕಿಲ್ಲ. ಹೆಚ್ಚಿನವರಲ್ಲಿ ಒಂದೆರಡು ವರ್ಷಗಳಲ್ಲಿ ತಾನೇ ಹೋಗುತ್ತದೆ. ಉಳಿದುಕೊಂಡವರಲ್ಲಿ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತಾರು ವರ್ಷ ಬೇಕು. ಆ ಅವಧಿಯಲ್ಲಿ ವೈರಸ್ ಇದೆಯೆಂದು ಗೊತ್ತಾದರೆ, ಮುಂದಿನ ತಪಾಸಣೆ ಮಾಡಿ, ಕೆಟ್ಟ ಭಾಗವನ್ನು ಕ್ಯಾನ್ಸರ್ ಆಗುವ ಮೊದಲೇ ತೆಗೆಯಬಹುದು.

ಇದನ್ನು ಪತ್ತೆ ಮಾಡುವುದೇ ಎಚ್‌ಪಿವಿ ಡಿಎನ್‌ಎ ಪರೀಕ್ಷೆ. ಕೋವಿಡ್ ಕಾಲದಲ್ಲಿ ಮೂಗಿನಿಂದ ಸ್ವಾಬ್ ತೆಗೆದಂತೆ ಇಲ್ಲಿ ಗರ್ಭಕಂಠದಿಂದ ತೆಗೆಯುತ್ತಾರೆ. ಹೇಳಿಕೊಟ್ಟರೆ ಹೆಂಗಸರು ತಾವೇ ಯೋನಿಯಿಂದ ಸ್ವಾಬ್ ತೆಗೆದುಕೊಡಬಹುದು. ಕ್ಷಯ, ಕೋವಿಡ್ ಪತ್ತೆಗೆ ಬಳಸಿದ ಗೋವಾದ ಟ್ರೂನ್ಯಾಟ್ ಯಂತ್ರಕ್ಕೂ ಎಚ್‌ಪಿವಿ ಚಿಪ್ ಬಂದಿದೆ. ಸುಮಾರು ಒಂದು ಗಂಟೆಯಲ್ಲಿ ಫಲಿತಾಂಶ.

ಈ ಒಂದು ಗಂಟೆಯ ಬೆಲೆ ನನಗೆ ಅವ್ವನಿಂದ ಗೊತ್ತು. ಕಂಪ್ಲಿಯಲ್ಲಿ ಭತ್ತದ ನಾಟಿಗೆ ಹೋಗುವವಳು ಆಕೆ. ಒಂದು ದಿನ ಆಸ್ಪತ್ರೆಗೆ ಹೋದರೆ ಒಂದು ದಿನದ ಕೂಲಿ ಹೋಗುತ್ತದೆ. ರಿಪೋರ್ಟ್ ವಾರ ಬಿಟ್ಟು ಬರುತ್ತದೆ ಎಂದರೆ ಎರಡನೇ ಸಲ ಹೋಗುವುದೇ ಇಲ್ಲ. ಹಂಪಿಯಲ್ಲಿ ತಳ್ಳುಗಾಡಿ ಇಟ್ಟವಳಿಗೂ, ಸಂಡೂರಿನ ತಾಂಡಾದಿಂದ ಬಸ್ ಹತ್ತಿ ಬರುವವಳಿಗೂ ಲೆಕ್ಕ ಇದೇ.

ಪರೀಕ್ಷೆಯಿಂದ ಜೀವ ಉಳಿಯುತ್ತದೆ ಎಂಬುದಕ್ಕೆ ಸಾಕ್ಷಿ ನಮ್ಮ ನೆರೆಯಲ್ಲೇ ಸಿಕ್ಕಿದೆ. ಬೀದರ್, ಕಲಬುರಗಿಗೆ ಅಂಟಿಕೊಂಡಿರುವ ಮಹಾರಾಷ್ಟ್ರದ ಉಸ್ಮಾನಾಬಾದ್, ಅಂದರೆ ಈಗಿನ ಧಾರಾಶಿವ ಜಿಲ್ಲೆಯ ಹಳ್ಳಿಗಳಲ್ಲಿ 1999ರಿಂದ 1,31,746 ಹೆಂಗಸರನ್ನು ಒಳಗೊಂಡ ಅಧ್ಯಯನ ನಡೆಯಿತು. 2009ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಒಂದೇ ಒಂದು ಸಲ ಎಚ್‌ಪಿವಿ ಪರೀಕ್ಷೆಗೆ ಆಯ್ಕೆಯಾದ ಗುಂಪಿನಲ್ಲಿ ಈ ಕ್ಯಾನ್ಸರಿನ ಸಾವು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು.

ವಿಶ್ವ ಆರೋಗ್ಯ ಸಂಸ್ಥೆ 30 ವರ್ಷದಿಂದಲೇ ಈ ಪರೀಕ್ಷೆ ಶುರುಮಾಡಿ ಎನ್ನುತ್ತದೆ. ಇದು ಇನ್ನೂ ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲಿ ಸಿಗುವುದಿಲ್ಲ. ಅಲ್ಲಿಯವರೆಗೆ ಆಸಿಟಿಕ್ ಆಮ್ಲ ಹಚ್ಚಿ ನೋಡುವ ಸರಳ ತಪಾಸಣೆಯಾದರೂ ಮಾಡುತ್ತಾರೆಯೇ ಎಂದು ಹತ್ತಿರದ ಆರೋಗ್ಯ ಕೇಂದ್ರದಲ್ಲಿ, ಇಲ್ಲವೇ ಆಶಾ ಕಾರ್ಯಕರ್ತೆಯ ಬಳಿ ವಿಚಾರಿಸಬಹುದು. ಅವ್ವನಿಗೆ, ಅತ್ತಿಗೆಗೆ, ಅಕ್ಕನಿಗೆ ಈ ಮಾತು ಹೇಳಲು ಮನೆಯಲ್ಲಿ ಓದಿದವರು ನಾವೇ. ಗಂಡುಮಕ್ಕಳು ಹೇಳಿದರೂ ತಪ್ಪಿಲ್ಲ.

ನನ್ನಂತೆ ಲ್ಯಾಬ್ ಕೆಲಸ ಹುಡುಕುತ್ತಿರುವ ಗೆಳೆಯರಿಗೆ ಇನ್ನೊಂದು ಮಾತು. ನಾಳೆ ನಮ್ಮ ಕೈಗೆ ನಂಬರ್ ಬರೆದ ಟ್ಯೂಬುಗಳು ಬರುತ್ತವೆ. ಸ್ಯಾಂಪಲ್ ಯಾಕೆ ತೆಗೆಯುತ್ತೇವೆ, ಅದರಿಂದ ಏನು ತಿಳಿಯುತ್ತದೆ ಎಂದು ಎದುರಿಗಿರುವ ಹೆಂಗಸಿಗೆ ಅವಳ ಮಾತಿನಲ್ಲೇ ತಿಳಿಸಿ, ಒಪ್ಪಿಗೆ ಪಡೆದು ಮುಂದುವರಿಯೋಣ. ಹೆನ್ರಿಯೆಟ್ಟಾಳಿಗೆ ಅಷ್ಟನ್ನು ಯಾರೂ ಹೇಳಿರಲಿಲ್ಲ.