ಆನೆಯ ಮೇಲೆ ಮೆರೆದ ಬೌಲರ್ ಪಳವಣಕರ್ ಬಾಳೂ



ಭಾನುವಾರ ಬೆಳಿಗ್ಗೆ ನಮ್ಮ ಲಕ್ಷ್ಮೀಪುರಂನ ಯಾವುದಾದರೂ ಅಡ್ಡರಸ್ತೆಯಲ್ಲಿ ಹತ್ತು ನಿಮಿಷ ನಿಂತು ನೋಡಿ. ಮೂರು ಇಟ್ಟಿಗೆ ವಿಕೆಟ್ ಆಗಿರುತ್ತವೆ, ಒಂದು ಟೆನಿಸ್ ಚೆಂಡು ಯಾರದ್ದೋ ಕಾಂಪೌಂಡಿನೊಳಗೆ ಬಿದ್ದಿರುತ್ತದೆ, ತಂದುಕೊಡುವವರು ಯಾರು ಎಂಬ ಜಗಳ ನಡೆದಿರುತ್ತದೆ. ಅಲ್ಲೇ ಜಗಲಿಯ ಮೇಲೆ ಪತ್ರಿಕೆ ಓದುವ ಹಿರಿಯರನ್ನು ಮಾತಿಗೆಳೆದರೆ ಜಾವಗಲ್ ಶ್ರೀನಾಥ್ ಅವರ ಹೆಸರು ಬಾರದೆ ಮಾತು ಮುಗಿಯುವುದಿಲ್ಲ. 67 ಟೆಸ್ಟ್, 236 ವಿಕೆಟ್. ಈ ಲೆಕ್ಕವನ್ನು ಮಗ್ಗಿಯಂತೆ ಒಪ್ಪಿಸುತ್ತಾರೆ. ಶ್ರೀನಾಥ್ 2003ರಲ್ಲಿ ಆಟ ನಿಲ್ಲಿಸಿದರೂ ಮೈಸೂರಿನ ಪ್ರೀತಿ ನಿಂತಿಲ್ಲ. ಆಟಗಾರ ನಿವೃತ್ತನಾಗುತ್ತಾನೆ, ಅಭಿಮಾನಿ ಆಗುವುದಿಲ್ಲ.

ಆದರೆ ಎಲ್ಲ ದೊಡ್ಡ ಆಟಗಾರರಿಗೂ ಈ ಭಾಗ್ಯ ಇರುವುದಿಲ್ಲ. ನಮ್ಮದೇ ಧಾರವಾಡದಲ್ಲಿ ಹುಟ್ಟಿ, ಭಾರತದ ಮೊದಲ ಮಹಾನ್ ಬೌಲರ್ ಎನಿಸಿಕೊಂಡ ಒಬ್ಬರ ಹೆಸರನ್ನು ನಾನು ತರಗತಿಯಲ್ಲಿ ಕೇಳಿದಾಗ ಒಂದು ಕೈಯೂ ಮೇಲೇಳಲಿಲ್ಲ. ಮಕ್ಕಳನ್ನು ದೂರಿ ಫಲವಿಲ್ಲ, ಅಧ್ಯಾಪಕರ ಕೊಠಡಿಯಲ್ಲಿ ಕೇಳಿದಾಗಲೂ ಹಾಗೆಯೇ ಆಯಿತು. ಅವರ ಕಥೆಯನ್ನು ನಿಮಗೆ ಹೇಳಬೇಕೆಂದು ಈ ಲೇಖನ.

ಪಳವಣಕರ್ ಬಾಳೂ ಹುಟ್ಟಿದ್ದು 1876ರಲ್ಲಿ. ಆಗ ಧಾರವಾಡ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಮನೆತನದ ಮೂಲ ಕೊಂಕಣದ ಪಳವಣ ಎಂಬ ಹಳ್ಳಿ, ಮನೆಹೆಸರೂ ಅಲ್ಲಿಂದಲೇ ಬಂದದ್ದು. ಅಸ್ಪೃಶ್ಯರೆಂದು ಸಮಾಜ ದೂರವಿಟ್ಟಿದ್ದ ಚರ್ಮಕಾರ ಸಮುದಾಯದವರು. ತಂದೆಗೆ ಬ್ರಿಟಿಷ್ ಸೈನ್ಯದಲ್ಲಿ ಕೆಲಸವಿದ್ದುದರಿಂದ ಮಕ್ಕಳು ಬೆಳೆದದ್ದು ಪುಣೆಯಲ್ಲಿ. ಬಾಳೂ, ಶಿವರಾಮ್, ಗಣಪತ್, ವಿಠ್ಠಲ್ ಈ ನಾಲ್ವರು ಅಣ್ಣತಮ್ಮಂದಿರೂ ಮುಂದೆ ಒಳ್ಳೆಯ ಆಟಗಾರರಾದರು. ಗೋರಾ ಅಧಿಕಾರಿಗಳು ಬಳಸಿ ಬಿಟ್ಟ ಬ್ಯಾಟು ಚೆಂಡುಗಳೇ ಅವರಿಗೆ ಪಾಠಶಾಲೆ.

ಬಾಳೂ ಮೊದಲು ಪಾರಸಿಗಳ ಕ್ಲಬ್ಬೊಂದರಲ್ಲಿ ಪಿಚ್ ಗುಡಿಸುವ, ರೋಲರ್ ಎಳೆಯುವ ಕೆಲಸಕ್ಕೆ ಸೇರಿದರು. ಸಂಬಳ ತಿಂಗಳಿಗೆ ಮೂರು ರೂಪಾಯಿ. 1892ರಲ್ಲಿ ಯುರೋಪಿಯನ್ನರ ಪೂನಾ ಕ್ಲಬ್ಬಿಗೆ ಬಂದಾಗ ಅದು ನಾಲ್ಕು ರೂಪಾಯಿ ಆಯಿತು. ನೆಟ್ ಕಟ್ಟುವುದು, ಗೆರೆ ಎಳೆಯುವುದು, ಸಾಹೇಬರು ಅಭ್ಯಾಸ ಮಾಡುವಾಗ ಚೆಂಡು ಎಸೆಯುವುದು ಇವೇ ಅವರ ಕೆಲಸ. ಎಡಗೈಯಿಂದ ನಿಧಾನವಾಗಿ ಎಸೆದ ಚೆಂಡು ನೆಲ ಮುಟ್ಟಿದ ಮೇಲೆ ಯಾವ ಕಡೆಗೆ ತಿರುಗುತ್ತದೆ ಎಂಬುದು ಬ್ಯಾಟು ಹಿಡಿದವರಿಗೆ ತಿಳಿಯುತ್ತಿರಲಿಲ್ಲ. ಅಂದಿನ ಹೆಸರಾಂತ ಇಂಗ್ಲಿಷ್ ಬ್ಯಾಟ್ಸ್‌ಮನ್ ಗ್ರೆಗ್ ಎಲ್ಲರಿಗಿಂತ ಒಂದು ಗಂಟೆ ಮೊದಲೇ ಬಂದು ಬಾಳೂ ಎದುರು ಅಭ್ಯಾಸ ಮಾಡುತ್ತಿದ್ದರೆಂದೂ, ತಮ್ಮನ್ನು ಔಟ್ ಮಾಡಿದಾಗಲೆಲ್ಲ ಎಂಟಾಣೆ ಕೊಡುತ್ತಿದ್ದರೆಂದೂ ಒಂದು ಕಥೆಯಿದೆ. ವಿದ್ಯಾರ್ಥಿಗಳೇ, ಇಲ್ಲೊಂದು ವಿಷಯ ಗಮನಿಸಿ. ಬೌಲಿಂಗ್ ಎಂದರೆ ಬೆವರು ಸುರಿಸುವ ಕೂಲಿ, ಬ್ಯಾಟಿಂಗ್ ಎಂದರೆ ದೊರೆಗಳ ಶೋಕಿ ಎಂದು ತಿಳಿದಿದ್ದ ಕಾಲ ಅದು. ಅಷ್ಟು ವರ್ಷ ಆ ನೆಟ್‌ನಲ್ಲಿ ದುಡಿದವರ ಕೈಗೆ ಯಾರೂ ಒಮ್ಮೆಯೂ ಬ್ಯಾಟು ಕೊಡಲಿಲ್ಲ.

ಪುಣೆಯ ಹಿಂದೂ ತಂಡಕ್ಕೆ ಇವರನ್ನು ಸೇರಿಸಿಕೊಳ್ಳಬೇಕೆ ಬೇಡವೆ ಎಂದು ದೊಡ್ಡ ಚರ್ಚೆ ನಡೆಯಿತು. ಗೆಲ್ಲಬೇಕೆಂಬ ಆಸೆ ಕೊನೆಗೆ ಮಡಿಯನ್ನು ಸೋಲಿಸಿತು, ಆದರೆ ಅರ್ಧ ಮಾತ್ರ. ಮೈದಾನದಲ್ಲಿ ಬಾಳೂ ಮುಟ್ಟಿದ ಚೆಂಡನ್ನೇ ಎಲ್ಲರೂ ಮುಟ್ಟಿದರು, ಬಾಳೂ ಬೌಲಿಂಗಿನಲ್ಲಿ ಎದ್ದ ಕ್ಯಾಚನ್ನು ಎಲ್ಲರೂ ಹಿಡಿದರು. ಚಹಾದ ಹೊತ್ತಿಗೆ ತಂಡದವರೆಲ್ಲ ಪೆವಿಲಿಯನ್ ಒಳಗೆ ಪಿಂಗಾಣಿ ಕಪ್ಪು ಹಿಡಿದರೆ ಬಾಳೂ ಅವರಿಗೆ ಹೊರಗೆ, ಕುಡಿದು ಎಸೆಯುವ ಮಣ್ಣಿನ ಕುಡಿಕೆಯಲ್ಲಿ. ಊಟ ಬೇರೆ ತಟ್ಟೆಯಲ್ಲಿ, ಬೇರೆ ಮೇಜಿನ ಮೇಲೆ. ಕೈಮುಖ ತೊಳೆಯಬೇಕೆಂದರೆ ಅವರದ್ದೇ ಜಾತಿಯ ಆಳೊಬ್ಬ ಮೈದಾನದ ಮೂಲೆಗೆ ನೀರು ತಂದು ಹೊಯ್ಯಬೇಕಿತ್ತು. ಒಂದೇ ದಸ್ತರ್‌ಖಾನ್ ಸುತ್ತ ಕುಳಿತು ಊಟ ಮಾಡಿ ಬೆಳೆದ ನನಗೆ ಈ ವಿವರವನ್ನು ಮೊದಲು ಓದಿದಾಗ ಪುಟ ತಿರುಗಿಸಲಾಗಲಿಲ್ಲ.

ಈ ದಿನಗಳಲ್ಲೇ ಸಾತಾರಾದ ಪಂದ್ಯ ಬಂತು. ಎದುರಾಳಿ ಅಲ್ಲಿನ ಬಿಳಿಯರ ಜಿಮ್ಖಾನಾ. ಬಾಳೂ ಅವರ ಸ್ಪಿನ್ ನಡೆಯಬಾರದೆಂದು ಆತಿಥೇಯರು ದಿನಗಟ್ಟಲೆ ರೋಲರ್ ಉರುಳಿಸಿ ಪಿಚ್ಚನ್ನು ಗಟ್ಟಿ ಮಾಡಿಸಿಟ್ಟಿದ್ದರು. ಬಾಳೂ ಏಳು ವಿಕೆಟ್ ಕಿತ್ತು ಪಂದ್ಯ ಗೆದ್ದುಕೊಟ್ಟರು. ಊರಿನ ಜನ ಸುಮ್ಮನಿರಲಿಲ್ಲ, ಆನೆ ತರಿಸಿದರು. ಪಿಚ್ ಗುಡಿಸುತ್ತಿದ್ದವರನ್ನು ಅಂಬಾರಿಯ ದೊರೆಯಂತೆ ಆನೆಯ ಮೇಲೆ ಕೂರಿಸಿ ಸಾತಾರಾದ ಬೀದಿಗಳಲ್ಲಿ ಮೆರವಣಿಗೆ ಮಾಡಿದರು. ಪ್ರತಿವರ್ಷ ದಸರಾ ಸವಾರಿ ನೋಡುವ ಮೈಸೂರಿನವರಾದ ನಮಗೆ ಆನೆಯ ಮೇಲೆ ಕೂರಿಸುವುದೆಂದರೆ ಎಂಥ ಗೌರವ ಎಂದು ಬಿಡಿಸಿ ಹೇಳಬೇಕಿಲ್ಲ. ಪುಣೆಗೆ ಮರಳಿದಾಗ ಸಮಾರಂಭ ನಡೆಯಿತು. ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರೇ ಬಾಳೂ ಅವರಿಗೆ ಹಾರ ಹಾಕಿದರು. ಇವರ ಜೊತೆ ಆಡಬಹುದಾದರೆ ಇವರ ಜೊತೆ ಕುಳಿತು ಉಣ್ಣಲೂಬಹುದಲ್ಲ ಎಂದು ಮೇಲ್ಜಾತಿಯವರನ್ನು ರಾನಡೆ ಬಹಿರಂಗವಾಗಿಯೇ ಕೇಳಿದರು.

ಈ ಪ್ರಸಂಗ ಹೇಳಿದಾಗ ಎಂಟನೇ ತರಗತಿಯ ಹುಡುಗನೊಬ್ಬ ಎದ್ದುನಿಂತು, ಆನೆಯಿಂದ ಇಳಿದ ಮೇಲೆ ಸಂಜೆ ಚಹಾ ಯಾವುದರಲ್ಲಿ ಕೊಟ್ಟರು ಸರ್ ಎಂದು ಕೇಳಿದ. ಇಡೀ ತರಗತಿ ನನ್ನ ಮುಖ ನೋಡಿತು. ನೀವೇ ಯೋಚಿಸಿ.

1896ರಲ್ಲಿ ಪುಣೆಗೆ ಪ್ಲೇಗ್ ಬಂದಾಗ ಬಾಳೂ ಮುಂಬಯಿಗೆ ಹೋದರು. ಕೆಲಕಾಲ ಸೈನ್ಯದಲ್ಲಿದ್ದು, ಆಮೇಲೆ ಬಾಂಬೆ ಬರೋಡಾ ರೈಲ್ವೆಯಲ್ಲಿ ನೌಕರಿ ಹಿಡಿದರು. ಅಲ್ಲಿನ ಹಿಂದೂ ಜಿಮ್ಖಾನಾದಲ್ಲಿಯೂ ಮೊದಲು ಕೆಲವರು ಮುಖ ತಿರುಗಿಸಿದರು, ಆಮೇಲೆ ಸೇರಿಸಿಕೊಂಡರು. 1906ರ ಫೆಬ್ರವರಿಯಲ್ಲಿ ಮುಂಬಯಿಯ ಮೈದಾನದಲ್ಲಿ ಹಿಂದೂ ತಂಡ ಯುರೋಪಿಯನ್ನರನ್ನು 109 ರನ್ನುಗಳಿಂದ ಸೋಲಿಸಿತು. ಹಿಂದೂಗಳದ್ದು 242 ಮತ್ತು 160, ಬಿಳಿಯರದ್ದು 191 ಮತ್ತು 102. ವಿಕೆಟ್ ಉರುಳಿಸಿದವರಲ್ಲಿ ಬಾಳೂ ಮುಖ್ಯರು, ತಮ್ಮ ಶಿವರಾಮ್ ಕೂಡ ತಂಡದಲ್ಲಿದ್ದರು. ಆಳುವವರನ್ನು ಅವರದ್ದೇ ಆಟದಲ್ಲಿ ಸೋಲಿಸಿದ ಆ ಗೆಲುವನ್ನು ಜನ ಹಬ್ಬದಂತೆ ಆಚರಿಸಿದರು. ಆ ವೇಳೆಗೆ ತಂಡದವರು ಈ ಸಹೋದರರೊಂದಿಗೆ ಕುಳಿತು ಉಣ್ಣಲಾರಂಭಿಸಿದ್ದರು. ಇಂಡಿಯನ್ ಸೋಷಿಯಲ್ ರಿಫಾರ್ಮರ್ ಪತ್ರಿಕೆ ಪಂದ್ಯದ ಗೆಲುವಿಗಿಂತ ಈ ಸಹಪಂಕ್ತಿಯನ್ನೇ ದೊಡ್ಡದಾಗಿ ಎತ್ತಿ ಹೇಳಿತು.

1911ರಲ್ಲಿ ಪಟಿಯಾಲಾದ ಮಹಾರಾಜ ಭೂಪಿಂದರ್ ಸಿಂಗ್ ನಾಯಕತ್ವದಲ್ಲಿ ಅಖಿಲ ಭಾರತ ತಂಡ ಇಂಗ್ಲೆಂಡಿಗೆ ಹಡಗು ಹತ್ತಿತು. ತಂಡದಲ್ಲಿ ಪಾರಸಿಗಳಿದ್ದರು, ಹಿಂದೂಗಳಿದ್ದರು, ಅಲಿಗಢದ ಕಾಲೇಜಿನ ಅಂಗಳದಲ್ಲಿ ಆಡಿ ಬೆಳೆದ ಸಲಾಮುದ್ದೀನ್, ಶಫ್ಖತ್ ಹುಸೇನ್ ಮೊದಲಾದವರಿದ್ದರು. ನಮ್ಮ ಬೆಂಗಳೂರಿನ ಬಿ. ಜಯರಾಂ ಕೂಡ ಇದ್ದರು. ಊರಿನಲ್ಲಿ ಧರ್ಮಕ್ಕೊಂದು ತಂಡ ಕಟ್ಟಿಕೊಂಡು ಎದುರುಬದುರು ಆಡುತ್ತಿದ್ದವರು ಪರದೇಶದಲ್ಲಿ ಒಂದೇ ತಂಡವಾದರು. ಮಹಾರಾಜರು ಕೆಲವೇ ಪಂದ್ಯ ಆಡಿದರು, ಉಳಿದ ಹೊತ್ತು ಅವರಿಗೆ ಲಂಡನ್ನಿನ ಔತಣಕೂಟಗಳೇ ಮುಖ್ಯವಾದವು. ತಂಡ ಸೋತದ್ದೇ ಹೆಚ್ಚು. ಆದರೆ ಮೂವತ್ತೈದು ವರ್ಷದ ಬಾಳೂ ನೋಯುವ ಭುಜ ಇಟ್ಟುಕೊಂಡು ಆ ಪ್ರವಾಸದಲ್ಲಿ 114 ವಿಕೆಟ್ ಪಡೆದರು. ಕೇಂಬ್ರಿಜ್ ವಿಶ್ವವಿದ್ಯಾಲಯದ ವಿರುದ್ಧ ಒಂದೇ ಇನ್ನಿಂಗ್ಸ್‌ನಲ್ಲಿ 103 ರನ್ನಿಗೆ ಎಂಟು ವಿಕೆಟ್. ಲೀಸ್ಟರ್‌ಶೈರ್ ಮತ್ತು ಸಾಮರ್ಸೆಟ್ ಕೌಂಟಿಗಳನ್ನು ನಮ್ಮವರು ಸೋಲಿಸಿದರು. ಅಂದಿನ ಇಂಗ್ಲೆಂಡಿನ ಶ್ರೇಷ್ಠ ಎಡಗೈ ಸ್ಪಿನ್ನರ್ ವಿಲ್ಫ್ರೆಡ್ ರೋಡ್ಸ್ ಜೊತೆ ಬಾಳೂ ಅವರನ್ನು ಹೋಲಿಸಿ ಮಾತಾಡುವುದು ರೂಢಿಯಾಯಿತು.

ಮರಳಿ ಬಂದಾಗ ಮುಂಬಯಿಯ ದಲಿತ ಸಮುದಾಯ ಅವರಿಗೊಂದು ಸನ್ಮಾನ ಏರ್ಪಡಿಸಿತು. ಅಲ್ಲಿ ಮಾನಪತ್ರ ಅರ್ಪಿಸಿದ್ದು ಇಪ್ಪತ್ತರ ಹರೆಯದ ಒಬ್ಬ ಕಾಲೇಜು ವಿದ್ಯಾರ್ಥಿ. ಹೆಸರು ಭೀಮರಾವ್ ಅಂಬೇಡ್ಕರ್. ಹೌದು ಓದುಗರೇ, ಮುಂದೆ ಈ ದೇಶದ ಸಂವಿಧಾನ ರೂಪಿಸಿದ ಮಹನೀಯರು ಸಾರ್ವಜನಿಕ ವೇದಿಕೆಯಲ್ಲಿ ಕಾಣಿಸಿಕೊಂಡ ಮೊದಮೊದಲ ಸಂದರ್ಭಗಳಲ್ಲಿ ಒಂದು, ಕ್ರಿಕೆಟ್ ಆಟಗಾರನೊಬ್ಬನ ಅಭಿಮಾನಿಯಾಗಿ. ತಮ್ಮವರಲ್ಲೊಬ್ಬ ಕೇವಲ ಕೈಚಳಕದಿಂದ ಸಾಮ್ರಾಜ್ಯದ ನೆಲದಲ್ಲೇ ಗೆದ್ದು ಬಂದದ್ದು ಆ ತರುಣನಿಗೆ ಏನೆನಿಸಿರಬಹುದು ಎಂದು ಊಹಿಸುವುದು ಕಷ್ಟವಲ್ಲ. ಬಹುಕಾಲ ಅವರು ಈ ಅಭಿಮಾನ ಬಿಡಲಿಲ್ಲ. ಮುಂಬಯಿ ಪೌರಸಭೆಗೆ ಬಾಳೂ ಅವರನ್ನು ನಾಮಕರಣ ಮಾಡಿಸಲೂ ಪ್ರಯತ್ನಿಸಿದರು.

1912ರಲ್ಲಿ ಮುಸ್ಲಿಮರ ತಂಡವೂ ಸೇರಿ ಮುಂಬಯಿಯ ಪಂದ್ಯಾವಳಿ ಚತುಷ್ಕೋನವಾಯಿತು. ಬಾಳೂ ವರ್ಷವರ್ಷವೂ ಆಡಿದರು, ಗೆಲ್ಲಿಸಿದರು. ಆದರೆ ತಂಡದ ಅತ್ಯಂತ ಹಿರಿಯ, ಅತ್ಯಂತ ಯಶಸ್ವಿ ಆಟಗಾರನಿಗೆ ನಾಯಕತ್ವ ಮಾತ್ರ ಬರಲಿಲ್ಲ. 1913ರಲ್ಲಿ ನಾಯಕರಾದ ಎಂ.ಡಿ. ಪೈ, ಈ ಪದವಿ ನ್ಯಾಯವಾಗಿ ಬಾಳೂ ಅವರಿಗೆ ಸಲ್ಲಬೇಕಿತ್ತು ಎಂದು ಸಭೆಯಲ್ಲೇ ಹೇಳಿ ದೊಡ್ಡತನ ತೋರಿದರು. 1920ರಲ್ಲಿ ಬಾಳೂ ಅವರನ್ನು ತಂಡದಿಂದಲೇ ಕೈಬಿಟ್ಟರು, ನಾಯಕತ್ವಕ್ಕೆ ಅರ್ಹನಾಗಿದ್ದ ತಮ್ಮ ವಿಠ್ಠಲ್ ಅವರನ್ನೂ ಕಡೆಗಣಿಸಿದರು. ಆಗ ಶಿವರಾಮ್ ಮತ್ತು ವಿಠ್ಠಲ್ ಆಡುವುದಿಲ್ಲವೆಂದು ಹೊರನಡೆದು, ತಮಗಾದ ಅವಮಾನವನ್ನು ಪತ್ರಿಕೆಗಳ ಮೂಲಕ ಜನರ ಮುಂದಿಟ್ಟರು. ಅಭಿಮಾನಿಗಳು ಅವರ ಪರವಾಗಿ ನಿಂತರು. ಮುಂದಿನ ಪಂದ್ಯಕ್ಕೆ ತಮ್ಮಂದಿರನ್ನು ಮರಳಿ ಕರೆಯಬೇಕಾಯಿತು, ಬಾಳೂ ಉಪನಾಯಕರಾದರು. ಪೈ ಬೇಕೆಂದೇ ಸ್ವಲ್ಪ ಹೊತ್ತು ಮೈದಾನ ಬಿಟ್ಟು ಹೊರಗುಳಿದರು, ಆ ಹೊತ್ತು ಬಾಳೂ ತಂಡ ನಡೆಸಿದರು. ಅವರ ಪಾಲಿಗೆ ಬಂದ ನಾಯಕತ್ವ ಅಷ್ಟೇ.

1923ರಲ್ಲಿ ವಿಠ್ಠಲ್ ನಾಯಕರಾದರು, ಯುರೋಪಿಯನ್ನರನ್ನು ಸೋಲಿಸಿ ಪ್ರಶಸ್ತಿ ಗೆದ್ದರು, ಅಭಿಮಾನಿಗಳು ಅವರನ್ನು ಹೆಗಲ ಮೇಲೆ ಹೊತ್ತು ತಂದರು. ಮರುವರ್ಷ ಗೆದ್ದದ್ದು ಮುಸ್ಲಿಂ ತಂಡ ಎಂಬುದನ್ನೂ ಇಲ್ಲಿ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಮ್ಮ ಹುಡುಗರು ಬಿಡುವುದಿಲ್ಲ! ಅಣ್ಣನಿಗೆ ಆನೆ ಸಿಕ್ಕಿತ್ತು, ತಮ್ಮನಿಗೆ ಹೆಗಲು ಸಿಕ್ಕಿತು. ಹೆಗಲಿಗೆ ಹೆಗಲು ತಾಗಬೇಕಲ್ಲವೆ? ಆದ್ದರಿಂದ ನನಗೆ ಆನೆಗಿಂತ ಹೆಗಲೇ ದೊಡ್ಡದಾಗಿ ಕಾಣುತ್ತದೆ.

ನಿವೃತ್ತಿಯ ನಂತರದ ಬದುಕು ಬಾಳೂ ಅವರನ್ನು ರಾಜಕೀಯಕ್ಕೆ ಎಳೆಯಿತು. ದಲಿತರಿಗೆ ಪ್ರತ್ಯೇಕ ಮತಕ್ಷೇತ್ರ ಬೇಕೆಂದು ಅಂಬೇಡ್ಕರ್ ಹೋರಾಡುತ್ತಿದ್ದಾಗ ಬಾಳೂ ಅದನ್ನು ಒಪ್ಪದೆ ಗಾಂಧೀಜಿಯ ಕಡೆ ನಿಂತರು. 1932ರ ಪುಣೆ ಒಪ್ಪಂದದ ಸಮಯದಲ್ಲಿ ಅಂಬೇಡ್ಕರ್ ಅವರ ಮನವೊಲಿಸಲು ಯತ್ನಿಸಿದವರಲ್ಲಿ ಅವರೂ ಒಬ್ಬರು. 1937ರಲ್ಲಿ ಮುಂಬಯಿ ಶಾಸನಸಭೆಯ ಚುನಾವಣೆ ಬಂದಾಗ ಕಾಂಗ್ರೆಸ್ ಅಂಬೇಡ್ಕರ್ ವಿರುದ್ಧ ನಿಲ್ಲಿಸಿದ್ದು ಬೇರೆ ಯಾರನ್ನೂ ಅಲ್ಲ, ಅವರೇ ಒಂದು ಕಾಲಕ್ಕೆ ಮಾನಪತ್ರ ಕೊಟ್ಟಿದ್ದ ಬಾಳೂ ಅವರನ್ನು. ಅಂಬೇಡ್ಕರ್‌ಗೆ 13,245 ಮತ, ಬಾಳೂಗೆ 11,225. ಆಟ ಬಿಟ್ಟು ವರ್ಷಗಳೇ ಕಳೆದ ಅರವತ್ತರ ಹರೆಯದ ಬೌಲರ್, ಅಂಬೇಡ್ಕರ್ ಅಂಥವರ ಎದುರಿಗೆ ಇಷ್ಟು ಮತ ಪಡೆದರು. ಪಕ್ಷದ ಬಲ ಇತ್ತು ನಿಜ. ಹಳೆಯ ಅಭಿಮಾನವೂ ಇತ್ತೆಂದು ನನ್ನ ಅನಿಸಿಕೆ. ಯಾರ ಪಕ್ಷ ಸರಿ ಎಂಬ ವಾದಕ್ಕೆ ನಾನು ಇಳಿಯುವುದಿಲ್ಲ, ಆದರೆ ಮೆಚ್ಚಿದವರೊಬ್ಬರು ನಮ್ಮ ಮಾತಿಗೆ ವಿರುದ್ಧ ನಿಂತಾಗ ಆಗುವ ನೋವು ಹಿರಿಯರಾದ ನಿಮಗೆ ಗೊತ್ತಿರುತ್ತದೆ.

ಬಾಳೂ 1955ರ ಜುಲೈನಲ್ಲಿ ಮುಂಬಯಿಯಲ್ಲಿ ತೀರಿಕೊಂಡರು. ಭಾರತ ಮೊದಲ ಟೆಸ್ಟ್ ಆಡಿದ್ದು 1932ರಲ್ಲಿ. ಆಗ ಅವರಿಗೆ ಐವತ್ತಾರು. ಹಾಗಾಗಿ ಟೆಸ್ಟ್ ದಾಖಲೆಗಳಲ್ಲಿ ಹುಡುಕಿದರೆ ಅವರು ಸಿಗುವುದಿಲ್ಲ. ಪ್ರಥಮ ದರ್ಜೆಯಲ್ಲಿ ಆಡಿದ್ದು 33 ಪಂದ್ಯ, ಪಡೆದದ್ದು 179 ವಿಕೆಟ್, ವಿಕೆಟ್ ಒಂದಕ್ಕೆ ಕೊಟ್ಟ ರನ್ ಹದಿನೈದು ಚಿಲ್ಲರೆ. ಅವರ ಕಾಲದವರಾದ ದೇವಧರ್ ಹೆಸರಿನಲ್ಲಿ ಟ್ರೋಫಿ ಬಂತು, ಬಾಳೂ ಹೆಸರಿನಲ್ಲಿ ಅಂಥದ್ದು ಬರಲಿಲ್ಲ. ನೋಡಿದ್ದ ಅಭಿಮಾನಿಗಳು ಒಬ್ಬೊಬ್ಬರಾಗಿ ತೀರಿಹೋದಂತೆ ನೆನಪೂ ಕರಗಿತು. ವಿಠ್ಠಲ್ 1948ರಲ್ಲಿ ಮರಾಠಿಯಲ್ಲಿ ಆತ್ಮಕಥೆ ಬರೆದಿಟ್ಟದ್ದು ದೊಡ್ಡ ಉಪಕಾರವಾಯಿತು. ಬೆಂಗಳೂರಿನಲ್ಲಿ ನೆಲೆಸಿದ ಇತಿಹಾಸಕಾರ ರಾಮಚಂದ್ರ ಗುಹಾ 2002ರಲ್ಲಿ ಪ್ರಕಟಿಸಿದ ಕ್ರಿಕೆಟ್ ಇತಿಹಾಸದಲ್ಲಿ ಈ ಅಣ್ಣತಮ್ಮಂದಿರ ಕಥೆಯನ್ನು ವಿಸ್ತಾರವಾಗಿ ಹೇಳಿದ ಮೇಲೆ ಹೊಸ ತಲೆಮಾರಿನ ಅಭಿಮಾನಿಗಳು ಹುಟ್ಟಿಕೊಂಡರು. 2001ರ ಲಗಾನ್ ಚಿತ್ರದಲ್ಲಿ ಚೆಂಡು ತಿರುಗಿಸುವ ದಲಿತ ಯುವಕ ಕಚ್ರಾನನ್ನು ಕಂಡವರು ಹಲವರು ಬಾಳೂ ಅವರನ್ನು ನೆನೆದರು.

ನಮ್ಮ ಶಾಲೆಯಲ್ಲಿ ಒಬ್ಬ ಎಡಗೈ ಬೌಲರ್ ಇದ್ದಾನೆ, ಸಣಕಲು ಹುಡುಗ. ಈ ಕಥೆ ಹೇಳಿದ ಮರುದಿನದಿಂದ ಗೆಳೆಯರು ಅವನನ್ನು ಬಾಳೂ ಭಾಯ್ ಎಂದು ಕರೆಯುತ್ತಿದ್ದಾರೆ. ಮೊನ್ನೆ ಆಟ ಮುಗಿದ ಮೇಲೆ ಒಂದೇ ನೀರಿನ ಬಾಟಲಿ ಕೈಯಿಂದ ಕೈಗೆ ಹೋಗುತ್ತಿತ್ತು. ಮೂರು ವಿಕೆಟ್ ಪಡೆದಿದ್ದ ಬಾಳೂ ಭಾಯ್ ಮೊದಲು ಕುಡಿದ, ಉಳಿದದ್ದನ್ನು ಮಿಕ್ಕವರು ಕುಡಿದರು.