ಪೋಸ್ಟರ್ ತಾನೇ?

ಪೋಸ್ಟರ್ ಮಾಡುವವರಿಗೆ ಮಾತ್ರ ಅರ್ಥವಾಗುವ ಒಂದು ಸಂಕಟ ಇದೆ. ನಾಳೆ ಇಂಟರ್ನಲ್ಸ್, ನಾಡಿದ್ದು ಕಾರ್ಯಕ್ರಮ, ರಾತ್ರಿ ಹನ್ನೊಂದು ಗಂಟೆಗೆ ಫೋನ್ ಬರುತ್ತೆ, ಒಂದು ಪೋಸ್ಟರ್ ತಾನೇ, ಬೆಳಿಗ್ಗೆಯೊಳಗೆ ಮಾಡಿಕೊಟ್ಟುಬಿಡಿ ಅಂತ. ಈ ‘ತಾನೇ’ ಇದೆಯಲ್ಲ, ಅದೇ ಚುಚ್ಚೋದು. ಹೋದ ವರ್ಷದಿಂದ ಸಂಘದ ಪೋಸ್ಟರ್‌ಗಳನ್ನು ಮಾಡುತ್ತಿರುವ ನಾವು ಈ ಮಾತನ್ನು ಎಷ್ಟು ಸಲ ಕೇಳಿದ್ದೇವೋ ಲೆಕ್ಕವಿಲ್ಲ. ಮನೆಯಲ್ಲೂ ಅಷ್ಟೇ. ಡಿಗ್ರಿ ಮುಗಿದ ಮೇಲೆ ಫ್ರೀಲಾನ್ಸ್ ಡಿಸೈನ್ ಮಾಡ್ತೀವಿ ಅಂದರೆ, ಸರಿ, ಅದು ಹವ್ಯಾಸ ಆಯ್ತು, ಕೆಲಸ ಯಾವುದು ಅಂತ ಕೇಳ್ತಾರೆ. ಈ ಸಂಚಿಕೆಗೆ ಏನಾದರೂ ಬರೆಯಿರಿ ಅಂದಾಗ ನಮಗೆ ಮೊದಲು ನೆನಪಾದದ್ದು ಅದಕ್ಕೇ ಅಲ್ಫೋನ್ಸ್ ಮೂಖಾ.

ಹೆಸರು ಗೊತ್ತಿಲ್ಲದಿದ್ದರೂ ಚಿತ್ರ ನೋಡಿರ್ತೀರಿ. ಉದ್ದನೆಯ ಪೋಸ್ಟರ್, ನಡುವೆ ಒಬ್ಬ ಹೆಂಗಸು, ಬಳ್ಳಿಯ ಹಾಗೆ ಸುರುಳಿ ಸುತ್ತಿಕೊಂಡ ಕೂದಲು, ತಲೆಯ ಹಿಂದೆ ದೇವರ ಪಟದಲ್ಲಿರುವಂಥ ಪ್ರಭಾವಳಿ, ಸುತ್ತಲೂ ಹೂವಿನ ಚೌಕಟ್ಟು. ಅನಿಮೆ ನೋಡುವವರಿಗಂತೂ ಈ ಶೈಲಿ ಚೆನ್ನಾಗಿ ಪರಿಚಯ, ಜಪಾನಿನ ಮಾಂಗಾ ಕಲಾವಿದರು ಅಷ್ಟು ಧಾರಾಳವಾಗಿ ಇವರಿಂದ ತೆಗೆದುಕೊಂಡಿದ್ದಾರೆ. ಇಂಗ್ಲಿಷಿನಲ್ಲಿ ಓದಿ ನಾವು ಬಹಳ ದಿನ ‘ಮುಚಾ’ ಅನ್ನುತ್ತಿದ್ದೆವು. ಚೆಕ್ ಭಾಷೆಯಲ್ಲಿ ಅದು ಹೆಚ್ಚುಕಡಿಮೆ ಮೂಖಾ. ನಮ್ಮ ‘ಮುಖ’ವನ್ನೇ ಎರಡೂ ಕಡೆ ಎಳೆದ ಹಾಗೆ. ಜೀವನವಿಡೀ ಮುಖ ಬರೆದವರಿಗೆ ಒಪ್ಪುವ ಹೆಸರು ಬಿಡಿ.

ಅವರು ಹುಟ್ಟಿದ್ದು 1860ರ ಜುಲೈ 24ರಂದು, ಮೊರಾವಿಯಾದ ಇವಾನ್ಚಿತ್ಸೆ ಎಂಬ ಚಿಕ್ಕ ಊರಿನಲ್ಲಿ. ಆಗ ಅದು ಆಸ್ಟ್ರಿಯಾ ಸಾಮ್ರಾಜ್ಯದ ಭಾಗ, ಈಗ ಚೆಕ್ ದೇಶ. ಅಪ್ಪನಿಗೆ ಕೋರ್ಟಿನಲ್ಲಿ ಸಣ್ಣ ನೌಕರಿ. ನಡೆಯಲು ಬರುವ ಮೊದಲೇ ಚಿತ್ರ ಗೀಚುತ್ತಿದ್ದ ಮಗುವಿಗೆ ಅಮ್ಮ ಕುತ್ತಿಗೆಗೆ ರಿಬ್ಬನ್ ಹಾಕಿ ಪೆನ್ಸಿಲ್ ಕಟ್ಟಿದ್ದರಂತೆ, ತೆವಳುತ್ತಾ ನೆಲದ ಮೇಲೆ ಬರೆಯಲಿ ಅಂತ. ಸ್ವರ ಚೆನ್ನಾಗಿದ್ದದ್ದರಿಂದ ಬ್ರ್ನೊ ನಗರದ ಚರ್ಚಿನ ಗಾಯನ ತಂಡದಲ್ಲಿ ಜಾಗ ಸಿಕ್ಕಿತು, ಹಾಡಿದ ದುಡ್ಡಿನಲ್ಲೇ ಶಾಲೆಯ ಖರ್ಚು ಸಾಗಿತು. ಧೂಪದ ಹೊಗೆ, ಬಣ್ಣದ ಗಾಜಿನ ಕಿಟಕಿ, ಬಂಗಾರದ ಪ್ರಭಾವಳಿ ಹೊತ್ತ ಸಂತರು, ಹಬ್ಬದ ದಿನ ಕಸೂತಿ ಬಟ್ಟೆ ಉಟ್ಟು ಬರುವ ಹಳ್ಳಿ ಹೆಂಗಸರು. ಇವೆಲ್ಲ ಮುಂದೆ ಎಲ್ಲಿ ಬರುತ್ತವೆ ನೋಡಿ.

1878ರಲ್ಲಿ ಪ್ರಾಗ್‌ನ ಕಲಾ ಅಕಾಡೆಮಿಗೆ ಅರ್ಜಿ ಹಾಕಿದರು. ಸೀಟು ಸಿಗಲಿಲ್ಲ. ಬೇರೆ ಏನಾದರೂ ಉದ್ಯೋಗ ನೋಡಿಕೋ ಎಂಬ ಸಲಹೆ ಮಾತ್ರ ಸಿಕ್ಕಿತು. ಅಪ್ಪ ಕೋರ್ಟಿನಲ್ಲೇ ಗುಮಾಸ್ತೆ ಕೆಲಸಕ್ಕೆ ಸೇರಿಸಿದರು, ಅದು ಒಗ್ಗಲಿಲ್ಲ. 19ನೇ ವಯಸ್ಸಿಗೆ, ಅಂದರೆ ಈಗ ನಮ್ಮ ವಯಸ್ಸಿಗೆ, ವಿಯೆನ್ನಾಕ್ಕೆ ಹೋಗಿ ನಾಟಕದ ಪರದೆ ಬರೆಯುವ ಕಂಪನಿಯೊಂದರಲ್ಲಿ ಕೈಗೆಲಸಕ್ಕೆ ಸೇರಿಕೊಂಡರು. ಅಲ್ಲೂ ನೆಲೆ ನಿಲ್ಲಲಿಲ್ಲ. 1881ರ ಡಿಸೆಂಬರಿನಲ್ಲಿ ವಿಯೆನ್ನಾದ ರಿಂಗ್ ಥಿಯೇಟರ್ ಸುಟ್ಟುಹೋಯಿತು, ನೂರಾರು ಜನ ಸತ್ತರು. ಕಂಪನಿಗೆ ದೊಡ್ಡ ಗಿರಾಕಿಯೇ ಆ ಥಿಯೇಟರು. ಹೊಸಬರನ್ನೆಲ್ಲ ತೆಗೆದುಹಾಕಿದರು.

ಆಮೇಲೆ ಅವರು ಮಾಡಿದ್ದು ನಮಗೆ ಬಹಳ ಇಷ್ಟ. ಸ್ಟೇಷನ್ನಿಗೆ ಹೋಗಿ, ಕೈಯಲ್ಲಿದ್ದ ದುಡ್ಡಿಗೆ ಎಷ್ಟು ದೂರದ ಟಿಕೆಟ್ ಬರುತ್ತೋ ಅಷ್ಟು ದೂರ ಹೋದರು. ಟಿಕೆಟ್ ಮುಗಿದ ಊರು ಮಿಕುಲೊವ್. ಅಲ್ಲಿಳಿದು ಊರವರ ಭಾವಚಿತ್ರ ಬರೆದರು, ಸಮಾಧಿ ಕಲ್ಲುಗಳಿಗೂ ಅಕ್ಷರ ಬರೆದುಕೊಟ್ಟರು. ಪೋರ್ಟ್‌ಫೋಲಿಯೋ ಇಲ್ಲ ಅಂತ ಕೊರಗುವವರು ಗಮನಿಸಿ, ಫ್ರೀಲಾನ್ಸರ್ ಮೂಖಾ ಅವರ ಮೊದಲ ಲೆಟರಿಂಗ್ ಕೆಲಸಗಳಲ್ಲಿ ಸಮಾಧಿ ಕಲ್ಲೂ ಸೇರಿದೆ! ಹತ್ತಿರದ ಶ್ರೀಮಂತರೊಬ್ಬರು, ಕೌಂಟ್ ಖ್ಯೂನ್, ಇವರ ಕೈಚಳಕ ನೋಡಿ ತಮ್ಮ ಬಂಗಲೆಯ ಗೋಡೆಗಳಿಗೆ ಚಿತ್ರ ಬರೆಸಿದರು, ಮೊದಲು ಮ್ಯೂನಿಕ್‌ಗೆ, ನಂತರ ಪ್ಯಾರಿಸ್‌ಗೆ ಕಲಿಯಲು ಕಳಿಸಿದರು. 1889ರಲ್ಲಿ ಆ ಹಣವೂ ನಿಂತುಹೋಯಿತು.

ಪ್ಯಾರಿಸ್‌ನಲ್ಲಿ ಮುಂದಿನ ಐದು ವರ್ಷ ಬೇಳೆ, ಹುರುಳಿಕಾಯಿ ಬೀಜ ಬೇಯಿಸಿಕೊಂಡು ಬದುಕಿದ ಕಾಲ. ಪತ್ರಿಕೆ, ಪುಸ್ತಕಗಳಿಗೆ ಚಿತ್ರ ಬರೆದುಕೊಡುವುದು, ಚಿತ್ರಕ್ಕೆ ಇಷ್ಟು ಅಂತ ದುಡ್ಡು. ಕೆಲ ಕಾಲ ಇವರ ಸ್ಟುಡಿಯೋದಲ್ಲಿ ಪಾಲ್ ಗೊಗ್ಯಾಂ ಕೂಡ ಇದ್ದರು. ಗೊಗ್ಯಾಂ ಪ್ಯಾಂಟ್ ಹಾಕದೆ ಹಾರ್ಮೋನಿಯಂ ನುಡಿಸುತ್ತಿರುವ ಫೋಟೋ ಒಂದಿದೆ, ತೆಗೆದದ್ದು ಮೂಖಾ. ನಮ್ಮ ಹಾಸ್ಟೆಲ್ ಜೀವನ ಅಷ್ಟೇನೂ ವಿಶೇಷವಲ್ಲ ಅಂತ ಆಗ ಗೊತ್ತಾಗುತ್ತೆ.

ಇನ್ನು ಆ ಪ್ರಸಿದ್ಧ ಕಥೆ. 1894ರ ಡಿಸೆಂಬರ್ 26, ಕ್ರಿಸ್‌ಮಸ್‌ನ ಮಾರನೇ ದಿನ. ಪ್ಯಾರಿಸ್‌ನ ಕಲಾವಿದರೆಲ್ಲ ರಜೆಯಲ್ಲಿ. ಊರಿಗೆ ಹೋಗಿದ್ದ ಗೆಳೆಯನ ಪರವಾಗಿ ಪ್ರೂಫ್ ತಿದ್ದಲು ಮೂಖಾ ಲೆಮರ್ಸಿಯೆ ಮುದ್ರಣಾಲಯದಲ್ಲಿ ಕೂತಿದ್ದರು. ಅಷ್ಟರಲ್ಲಿ ಸಾರಾ ಬರ್ನ್‌ಹಾರ್ಟ್ ಕಡೆಯಿಂದ ಫೋನ್. ಆಗ ಯುರೋಪಿನಲ್ಲಿ ಆಕೆಗಿಂತ ದೊಡ್ಡ ನಟಿ ಇರಲಿಲ್ಲ. ‘ಜಿಸ್ಮೊಂಡಾ’ ನಾಟಕಕ್ಕೆ ಹೊಸ ಪೋಸ್ಟರ್ ಬೇಕು, ಹೊಸ ವರ್ಷದ ದಿನ ಗೋಡೆಗಳ ಮೇಲಿರಬೇಕು. ಮ್ಯಾನೇಜರ್ ಸುತ್ತ ನೋಡಿದರೆ ಕಣ್ಣಿಗೆ ಬಿದ್ದದ್ದು ಇವರೊಬ್ಬರೇ. ಪೋಸ್ಟರ್ ಅನುಭವ ಹೆಚ್ಚಿಲ್ಲ ಅಂತ ಗೊತ್ತಿದ್ದರೂ ಬೇರೆ ದಾರಿ ಇರಲಿಲ್ಲ.

ಇಲ್ಲಿ ಸ್ವಲ್ಪ ತಾಂತ್ರಿಕ ವಿಷಯ ಹೇಳಲೇಬೇಕು. ಇದು ಕಲ್ಲಚ್ಚು, ಲಿಥೋಗ್ರಫಿ. ನಯವಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಕ್ರೇಯಾನಿನಿಂದ ಚಿತ್ರ ಬರೆದು, ರಾಸಾಯನಿಕದಿಂದ ಹದ ಮಾಡಿ, ಕಲ್ಲನ್ನು ಒದ್ದೆ ಮಾಡುತ್ತಾರೆ. ಎಣ್ಣೆ ಇಂಕು ಜಿಡ್ಡಿದ್ದ ಕಡೆ ಮಾತ್ರ ಹಿಡಿಯುತ್ತೆ, ನೀರಿದ್ದ ಕಡೆ ಹಿಡಿಯಲ್ಲ. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು, ಚಿತ್ರ ಕೂದಲೆಳೆಯಷ್ಟೂ ಜರುಗಬಾರದು. ಅನ್‌ಡೂ ಇಲ್ಲ. (ರಾಜಾ ರವಿವರ್ಮ ಮುಂಬೈಯಲ್ಲಿ ಕಲ್ಲಚ್ಚಿನ ಪ್ರೆಸ್ ತೆರೆದದ್ದೂ ಅದೇ 1894ರಲ್ಲಿ. ಅಜ್ಜಿ ಮನೆಯ ಹಳೇ ಲಕ್ಷ್ಮೀ ಪಟ ಬಂದದ್ದು ಈ ತಂತ್ರದಿಂದಲೇ.) ಮೂಖಾ ಅವರ ಪೋಸ್ಟರು ಎರಡು ಮೀಟರ್‌ಗಿಂತ ಎತ್ತರ, ಒಂದೇ ಹಾಳೆಯಲ್ಲಿ ಹಿಡಿಸದೆ ಎರಡು ತುಂಡಾಗಿ ಅಚ್ಚಾಗಬೇಕಿತ್ತು. ಇದಕ್ಕೆಲ್ಲ ಇದ್ದದ್ದು ಒಂದು ವಾರಕ್ಕೂ ಕಡಿಮೆ.

ಆ ಕಾಲದ ಪೋಸ್ಟರ್‌ಗಳೆಂದರೆ ಕೆಂಪು, ಹಳದಿ, ಕುಣಿತ, ಗದ್ದಲ. ಇವರು ಬರೆದದ್ದು ತದ್ವಿರುದ್ಧ. ಸಾರಾ ಸುಮ್ಮನೆ ನಿಂತಿದ್ದಾರೆ. ಕೈಯಲ್ಲಿ ತಾಳೆಗರಿ, ಮುಡಿಯಲ್ಲಿ ಆರ್ಕಿಡ್ ಹೂಗಳು, ಮೈಮೇಲೆ ಭಾರವಾದ ಜರತಾರಿ ನಿಲುವಂಗಿ, ತಲೆಯ ಹಿಂದೆ ಬೈಜಾಂಟೈನ್ ಮೊಸಾಯಿಕ್‌ನ ಕಮಾನು. ಬಣ್ಣಗಳೆಲ್ಲ ಮೆತ್ತಗೆ, ಮಾಸಿದ ಬಂಗಾರ, ತಿಳಿ ನೇರಳೆ, ಕಂದು. ಬ್ರ್ನೊ ಚರ್ಚಿನ ಸಂತರನ್ನು ತಂದು ಪ್ಯಾರಿಸ್‌ನ ಬೀದಿ ಗೋಡೆಗೆ ನಿಲ್ಲಿಸಿದ ಹಾಗಿದೆ. ಹಿನ್ನೆಲೆಯಲ್ಲಿ ಅಲ್ಲಲ್ಲಿ ಅಲಂಕಾರವೇ ಇಲ್ಲ, ಖಾಲಿ. ಬರೆಯಲು ಟೈಮ್ ಇರಲಿಲ್ಲ, ಅಷ್ಟೇ. ಈಗ ನೋಡಿದರೆ ಆ ಖಾಲಿ ಜಾಗವೇ ಆಕೆಯನ್ನು ಎತ್ತಿ ಹಿಡಿದಿದೆ ಅನ್ನಿಸುತ್ತೆ.

ಮ್ಯಾನೇಜರಿಗೆ ಭಯವಾಯಿತು, ಸಾರಾಗೆ ಇಷ್ಟವಾಯಿತು. 1895ರ ಜನವರಿ 1ರಂದು ಪೋಸ್ಟರ್ ಪ್ಯಾರಿಸ್‌ನ ಗೋಡೆ ಏರಿತು. ಜನ ಅಂಟಿಸುವವರಿಗೆ ಲಂಚ ಕೊಟ್ಟು ಪ್ರತಿ ತಗೊಂಡರು, ಲಂಚ ಕೊಡಲಾಗದವರು ರಾತ್ರಿ ಬ್ಲೇಡು ಹಿಡಿದು ಗೋಡೆಯಿಂದಲೇ ಕತ್ತರಿಸಿಕೊಂಡು ಹೋದರು. ಸಾರಾ ಆರು ವರ್ಷದ ಕರಾರು ಮಾಡಿಕೊಂಡರು. ಪೋಸ್ಟರ್ ಅಲ್ಲದೆ ರಂಗಸಜ್ಜಿಕೆ, ವೇಷಭೂಷಣ, ಒಡವೆ ಎಲ್ಲ ಇವರದೇ. ‘ಮೆಡಿಯಾ’ ನಾಟಕದ ಪೋಸ್ಟರಿನಲ್ಲಿ ನಾಯಕಿಯ ತೋಳಿಗೆ ಹಾವಿನ ಬಳೆಯೊಂದನ್ನು ಕಲ್ಪಿಸಿ ಬರೆದಿದ್ದರು. ಸಾರಾಗೆ ಅದು ಎಷ್ಟು ಹಿಡಿಸಿತೆಂದರೆ, ಒಡವೆ ವ್ಯಾಪಾರಿ ಫೂಕೆ ಅವರಿಂದ ನಿಜವಾಗಿಯೂ ಮಾಡಿಸಿ ತೊಟ್ಟರು. ಪೋಸ್ಟರ್ ನೋಡಿ ವಸ್ತು ತಯಾರಾಯಿತು!

ನಂತರ ಬಂದದ್ದು ಶಾಂಪನ್ವಾ ಎಂಬ ಮುದ್ರಕರ ಕರಾರು. ತಿಂಗಳು ತಿಂಗಳು ಒಳ್ಳೇ ಸಂಬಳ, ಬದಲಿಗೆ ಕೆಲಸವೆಲ್ಲ ಅವರಿಗೇ. ಸಿಗರೇಟ್ ಕಾಗದ, ಬಿಸ್ಕತ್ತು, ಷಾಂಪೇನ್, ಸೈಕಲ್, ಬಿಯರ್, ಯಾವ ಸರಕಿಗೂ ಮೂಖಾ ಚಿತ್ರ. ಒಂದೇ ಚಿತ್ರ ಕ್ಯಾಲೆಂಡರಿಗೆ, ಪೋಸ್ಟ್‌ಕಾರ್ಡಿಗೆ, ಊಟದ ಮೆನುವಿಗೆ. ಜನ ಈ ಶೈಲಿಯನ್ನೇ ಮೂಖಾ ಶೈಲಿ ಅಂತ ಕರೆದರು. 1902ರಲ್ಲಿ ತಮ್ಮ ವಿನ್ಯಾಸಗಳನ್ನೆಲ್ಲ ಪುಸ್ತಕವಾಗಿ ಅಚ್ಚು ಹಾಕಿಸಿ, ಕುಶಲಕರ್ಮಿಗಳು ನೋಡಿ ಮಾಡಿಕೊಳ್ಳಲಿ ಅಂತ ಬಿಟ್ಟುಬಿಟ್ಟರು. ಇವತ್ತಿನ ಭಾಷೆಯಲ್ಲಿ ಓಪನ್ ಸೋರ್ಸ್.

ಆದರೆ ಅವರಿಗೆ ಸಮಾಧಾನ ಇರಲಿಲ್ಲ. ಬಿಸ್ಕತ್ತಿನ ಡಬ್ಬಕ್ಕೆ ಚಿತ್ರ ಬರೆಯುತ್ತಾ ಆಯುಷ್ಯ ಕಳೆದುಹೋಗುತ್ತಿದೆ ಅಂತ ಅವರಿಗೆ ಅನ್ನಿಸತೊಡಗಿತ್ತು. ಪೋಸ್ಟರ್ ತಾನೇ ಅಂತ ಬೇರೆಯವರು ಹೇಳಿದರೆ ನಮಗೆ ಸಿಟ್ಟು ಬರುತ್ತೆ, ಇಲ್ಲಿ ಪ್ರಪಂಚ ಮೆಚ್ಚಿದ ಪೋಸ್ಟರ್ ಕಲಾವಿದರೇ ಒಳಗೊಳಗೆ ಅದನ್ನು ಅಂದುಕೊಳ್ಳುತ್ತಿದ್ದರು. 1900ರ ಪ್ಯಾರಿಸ್ ವಸ್ತುಪ್ರದರ್ಶನಕ್ಕೆ ಬೋಸ್ನಿಯಾ ಮಂಟಪದ ಚಿತ್ರಗಳನ್ನು ಬರೆಯುವಾಗ, ತಮ್ಮ ಸ್ಲಾವ್ ಜನರ ಕಥೆಯನ್ನೇ ದೊಡ್ಡದಾಗಿ ಬರೆಯಬೇಕೆಂಬ ಆಸೆ ಹುಟ್ಟಿತು. ದುಡ್ಡು ಹುಡುಕಿಕೊಂಡು ಅಮೆರಿಕಕ್ಕೆ ಮತ್ತೆ ಮತ್ತೆ ಹೋದರು. ನಡುವೆ, 1906ರಲ್ಲಿ, ಮಾರಿಯಾ ಖಿಟಿಲೋವಾ ಅವರನ್ನು ಮದುವೆಯಾದರು. ಕೊನೆಗೆ 1909ರಲ್ಲಿ ಷಿಕಾಗೋದ ಉದ್ಯಮಿ ಚಾರ್ಲ್ಸ್ ಕ್ರೇನ್ ಖರ್ಚು ಹೊರಲು ಒಪ್ಪಿದರು. ಮರುವರ್ಷ ಗಂಟುಮೂಟೆ ಕಟ್ಟಿ ತಾಯ್ನಾಡಿಗೆ ವಾಪಸ್.

ಜ್ಬಿರೋಹ್ ಎಂಬಲ್ಲಿನ ಕೋಟೆಮನೆಯಲ್ಲಿ ಹದಿನೈದು ವರ್ಷದ ಹತ್ತಿರ ಬರೆದದ್ದು ‘ಸ್ಲಾವ್ ಮಹಾಕಾವ್ಯ’. 20 ಕ್ಯಾನ್ವಾಸ್‌ಗಳು, ಅತಿ ದೊಡ್ಡವು ಸುಮಾರು 6 ಮೀಟರ್ ಎತ್ತರ, 8 ಮೀಟರ್ ಅಗಲ, ಅಂದರೆ ನಮ್ಮ ಕ್ಲಾಸ್‌ರೂಮಿನ ಗೋಡೆಯೂ ಸಾಲದು. ಹಳ್ಳಿಯವರಿಗೆ ವೇಷ ಹಾಕಿಸಿ, ಫೋಟೋ ತೆಗೆದು, ಅದನ್ನು ನೋಡಿಕೊಂಡು ಬರೆಯುತ್ತಿದ್ದರು. ಅದರ ಮಧ್ಯೆ 1918ರಲ್ಲಿ ಚೆಕೊಸ್ಲೊವಾಕಿಯಾ ಸ್ವತಂತ್ರ ದೇಶವಾಯಿತು. ಹೊಸ ದೇಶಕ್ಕೆ ಅಂಚೆಚೀಟಿ ಬೇಕು, ನೋಟು ಬೇಕು. ಯಾರನ್ನು ಕೇಳೋದು? ಮೂಖಾ ಅವರನ್ನೇ. ದೊಡ್ಡ ಕಲೆಗಾಗಿ ಸಣ್ಣ ಕೆಲಸ ಬಿಟ್ಟುಬಂದವರು ಅಂಚೆಚೀಟಿಯಷ್ಟು ಸಣ್ಣ ಕೆಲಸವನ್ನೂ ಅಷ್ಟೇ ಶ್ರದ್ಧೆಯಿಂದ ಮಾಡಿಕೊಟ್ಟರು. 100 ಕೊರೂನಾ ನೋಟಿನ ಮೇಲೆ ಇವರು ಬರೆದದ್ದು ಕ್ರೇನ್ ಅವರ ಮಗಳ ಮುಖವನ್ನು.

1928ರಲ್ಲಿ ಇಪ್ಪತ್ತೂ ಕ್ಯಾನ್ವಾಸ್‌ಗಳನ್ನು ಪ್ರಾಗ್ ನಗರಕ್ಕೆ ಕೊಟ್ಟರು. ಅಷ್ಟರಲ್ಲಿ ಕಾಲ ಬದಲಾಗಿತ್ತು. ಹೊಸ ತಲೆಮಾರಿನ ಕಲಾವಿದರು, ವಿಮರ್ಶಕರಿಗೆ ಇದು ಹಳೇ ಕಾಲದ್ದಾಗಿ ಕಂಡಿತು. ನಮಗೂ ಪ್ರಾಮಾಣಿಕವಾಗಿ ಹೇಳಬೇಕೆಂದರೆ, ಪರದೆಯ ಮೇಲೆ ನೋಡಿದಾಗ ಮಹಾಕಾವ್ಯಕ್ಕಿಂತ ಸಿಗರೇಟ್ ಕಾಗದದ ಹುಡುಗಿಯೇ ಹೆಚ್ಚು ಹಿಡಿಸುತ್ತಾಳೆ. ಎದುರು ನಿಂತು ನೋಡಿದರೆ ಬೇರೆ ಅನ್ನಿಸಬಹುದೇನೋ. ಆದರೆ ಜೂಮ್ ಮಾಡಿ ನೋಡುತ್ತಾ ಹೋದ ಹಾಗೆ ಒಂದು ವಿಷಯ ಕಾಣಿಸಿತು. ಅದೇ ಹೂವಿನ ಕಿರೀಟ, ಅದೇ ಕಸೂತಿ ಬಟ್ಟೆ, ಗುಂಪಿನ ಮಧ್ಯದಿಂದ ನೇರ ನಮ್ಮನ್ನೇ ನೋಡುವ ಅದೇ ಕಣ್ಣುಗಳು. ಒಂದನ್ನು ಹೊಟ್ಟೆಪಾಡು, ಇನ್ನೊಂದನ್ನು ಕಲೆ ಅಂತ ಅವರು ವಿಂಗಡಿಸಿಕೊಂಡಿರಬಹುದು, ಕೈ ಮಾತ್ರ ವಿಂಗಡಿಸಿರಲಿಲ್ಲ.

1939ರ ಮಾರ್ಚ್‌ನಲ್ಲಿ ನಾತ್ಸಿ ಸೈನ್ಯ ಪ್ರಾಗ್ ಹೊಕ್ಕಿತು. ಗೆಸ್ಟಾಪೊ ಮೊದಲು ಹಿಡಿದವರಲ್ಲಿ 78 ವರ್ಷದ ಮೂಖಾ ಕೂಡ ಒಬ್ಬರು. ವಿಚಾರಣೆ ಮಾಡಿ ಬಿಟ್ಟರು, ಆದರೆ ಆರೋಗ್ಯ ಕೆಟ್ಟಿತ್ತು. ನ್ಯುಮೋನಿಯಾದಿಂದ ಜುಲೈ 14ರಂದು ತೀರಿಕೊಂಡರು. ಗುಂಪು ಸೇರಬಾರದೆಂಬ ನಿಷೇಧ ಇದ್ದರೂ ಅಂತ್ಯಕ್ರಿಯೆಗೆ ಜನ ಬಹಳ ಸೇರಿದ್ದರು.

ಕ್ಯಾನ್ವಾಸ್‌ಗಳನ್ನು ಯುದ್ಧದ ಕಾಲದಲ್ಲಿ ಸುತ್ತಿ ಬಚ್ಚಿಟ್ಟಿದ್ದರು. ಪ್ರಾಗ್ ಅವಕ್ಕೊಂದು ಕಟ್ಟಡ ಕಟ್ಟಬೇಕೆಂಬುದು ಕೊಡುವಾಗಿನ ಷರತ್ತಾಗಿತ್ತು, ಅದು ಕೋರ್ಟಿನವರೆಗೂ ಹೋದ ದೊಡ್ಡ ಜಗಳ. ದಶಕಗಳ ಕಾಲ ಅವು ಇದ್ದದ್ದು ಇವಾನ್ಚಿತ್ಸೆಗೆ ಹತ್ತಿರದ ಮೊರಾವ್ಸ್ಕಿ ಕ್ರುಮ್ಲೊವ್ ಎಂಬ ಊರಿನಲ್ಲಿ. ನಡುವೆ ಪ್ರಾಗ್‌ಗೆ ಹೋಗಿ, ಟೋಕಿಯೋವರೆಗೂ ಸುತ್ತಿ, 2021ರಲ್ಲಿ ಮತ್ತೆ ಅಲ್ಲಿಗೇ ಬಂದವು. ಪೋಸ್ಟರ್‌ಗಳ ಕಥೆಯೇ ಬೇರೆ. 1966ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಇಬ್ಬರು ಹುಡುಗರು, ಸ್ಟ್ಯಾನ್ಲಿ ಮೌಸ್ ಮತ್ತು ಆಲ್ಟನ್ ಕೆಲ್ಲಿ, ಅದೇ ಸಿಗರೇಟ್ ಕಾಗದದ ಹುಡುಗಿಗೆ ಹಸಿರು ಕೂದಲು ಬಳಿದು ರಾಕ್ ಸಂಗೀತ ಕಾರ್ಯಕ್ರಮದ ಪೋಸ್ಟರ್ ಮಾಡಿದರು. ಅಲ್ಲಿಂದ ಆಕೆ ಮತ್ತೆ ಬೀದಿಗೆ ಬಂದವಳು ಇನ್ನೂ ಒಳಗೆ ಹೋಗಿಲ್ಲ.

ಇದನ್ನು ಬರೆಯುವ ಮೊದಲು ನಾವೂ ಒಂದು ಪ್ರಯೋಗ ಮಾಡಿದೆವು. ಜಿಸ್ಮೊಂಡಾ 216 ಸೆಂಟಿಮೀಟರ್ ಎತ್ತರ, 74 ಸೆಂಟಿಮೀಟರ್ ಅಗಲ. ಎ3 ಹಾಳೆಗಳನ್ನು ಅಡ್ಡಡ್ಡ ಇಟ್ಟರೆ ಸಾಲಿಗೆ ಎರಡರಂತೆ ಎಂಟು ಸಾಲು, 16 ಹಾಳೆ ಬೇಕು. ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ, ನೆಲದ ಮೇಲೆ ಹರಡಿ, ಅಂಟಿಸಿ, ಹಾಸ್ಟೆಲ್ ರೂಮಿನ ಬಾಗಿಲಿಗೆ ಹಚ್ಚಿದೆವು. ಬಾಗಿಲು ಇರುವುದು ಎರಡೇ ಮೀಟರ್. ಕೆಳಗಿನ ತುದಿಯನ್ನು ಮಡಚಬೇಕಾಯಿತು. ಮಡಚಿಹೋದದ್ದು ಥಿಯೇಟರಿನ ಹೆಸರು.